ಸೋಮವಾರ ಬಣ್ಣ ಬದಲಿಸುವ ಬಳೆ

ಮೈಯೊಳಗಿನ ರಕ್ತನಾಳ ಎಷ್ಟು ಬಿಗಿದಿದೆ ಅನ್ನೋದು ಊರಿಗೆಲ್ಲ ಕಾಣುವ ಹಾಗೆ ಮುಂಗೈ ಮೇಲೆ ದೀಪವಾಗಿ ಹತ್ತಿಕೊಂಡರೆ ಏನಾದೀತು? ನಾಡಿಬಳೆ ಕಂಡುಹಿಡಿದ ವಿಜ್ಞಾನಿಗಳು ಇದಕ್ಕೆ ನೂರೆಂಟು ಉತ್ತರ ಯೋಚಿಸಿಟ್ಟಿದ್ದರು. ಜನ ಹೆದರಬಹುದು, ಔಷಧಿಗೆ ಮುಗಿಬೀಳಬಹುದು, ಬಳೆಯನ್ನೇ ಕಿತ್ತು ಬಿಸಾಕಬಹುದು. ಮಂಡ್ಯದಲ್ಲಿ ಆದದ್ದನ್ನು ಮಾತ್ರ ಅವರಪ್ಪನಾಣೆ ಒಬ್ಬರೂ ಎಣಿಸಿರಲಿಲ್ಲ. ಮಂಡ್ಯದ ಜನ ಭಾನುವಾರ ಬಂತೆಂದರೆ ಒಳ್ಳೆಯವರಾಗಿಬಿಡುತ್ತಿದ್ದರು.

ಕಾರಣ ಇಷ್ಟೇ. ಅರವತ್ತು ದಾಟಿದವರಿಗೆಲ್ಲ ಈ ಬಳೆ ಕೊಟ್ಟಿದ್ದರು. ಹೃದಯದಿಂದ ಹೊರಟ ಬಡಿತದ ಅಲೆ ಮುಂಗೈ ಮುಟ್ಟೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅದು ಲೆಕ್ಕ ಹಾಕುತ್ತಿತ್ತು. ನಾಳ ಮೆತ್ತಗಿದ್ದರೆ ಅಲೆ ನಿಧಾನ, ಬಿಗಿದಿದ್ದರೆ ಅಲೆ ದಡದಡ. ಅದರಿಂದಲೇ ಒತ್ತಡವನ್ನೂ ಅಳೆದು, ವಾರವಿಡೀ ನೋಡಿ, ಸೋಮವಾರ ಬೆಳಗ್ಗೆ ಒಂದು ಬಣ್ಣ ತೋರಿಸುತ್ತಿತ್ತು: ಹಸಿರು, ಹಳದಿ, ಕಿತ್ತಳೆ, ಇಲ್ಲವೇ ಕೆಂಪು. ಮುಂದಿನ ಸೋಮವಾರದವರೆಗೆ ಅದೇ ಬಣ್ಣ. ಆದರೆ ನಮ್ಮ ಕಡೆ ಬಿಪಿ ಅಂದರೆ ರಕ್ತದ ಮಾತಲ್ಲ ಸ್ವಾಮಿ, ಸಿಟ್ಟಿನ ಮಾತು. "ನಂಗ್ ಬಿಪಿ ಏರಿಸ್ಬ್ಯಾಡ ಕಣ್ಲಾ" ಅಂದರೆ ಬಾಯಿ ಮುಚ್ಚಿಕೊಂಡು ಹೋಗು ಅಂತ ಅರ್ಥ. ಹಾಗಾಗಿ ಯಾರ ಕೈಲಿ ಕೆಂಪು ಕಂಡರೂ, ಇವರಿಗೆ ಮನೇಲಿ ಯಾರೋ ಸಿಟ್ಟು ಬರಿಸಿದ್ದಾರೆ ಅಂತ ಊರು ತೀರ್ಪು ಕೊಟ್ಟುಬಿಟ್ಟಿತು. ಆ ಯಾರೋ ತಾವಾಗಬಾರದಲ್ಲ! ಭಾನುವಾರ ಸೊಸೆಯರು ಅತ್ತೆಯರ ತಲೆಗೆ ಎಣ್ಣೆ ತಿಕ್ಕಿದರು, ಮಕ್ಕಳು ಅಪ್ಪಂದಿರ ಹಳೇ ಕಥೆಯನ್ನು ಆಕಳಿಸದೆ ಕೇಳಿದರು, ಕಂಡಕ್ಟರುಗಳು ಮುದುಕರನ್ನು ಕೈಹಿಡಿದು ಹತ್ತಿಸಿದರು.

ಗಂಡಸರು ಮೊದಮೊದಲು ಒಪ್ಪಲಿಲ್ಲ. "ನಾವೇನ್ ಕೈಗೆ ಬಳೆ ತೊಟ್ಕಂಡ್ ಕೂತಿಲ್ಲ" ಅಂತ ಎದ್ದುಹೋದರು. ಅದರ ಹೆಸರನ್ನು ನಾಡಿಕಡಗ ಅಂತ ಬದಲಿಸಿದ ಮೇಲೆ ಮೀಸೆ ತಿರುವಿಕೊಂಡು ಬಂದು ತೊಟ್ಟರು. ಬಳೆ ಅದೇ, ದೀಪ ಅದೇ.

ಈಗ ಕೆಂಪಮ್ಮನ ವಿಷಯಕ್ಕೆ ಬರೋಣ. ಎಪ್ಪತ್ತೆರಡರ ಹೆಂಗಸು. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ಆಡಿಸಿ ನಿವೃತ್ತಿಯಾದವಳು. ಅವಳ ದನಿ ಎಷ್ಟು ಮೆತ್ತಗೆ ಅಂದರೆ, ಮಕ್ಕಳನ್ನು ಗದರಿಸಿದರೆ ಅವು ಮುದ್ದು ಮಾಡ್ತಿದ್ದಾಳೆ ಅಂತ ಮಡಿಲೇರುತ್ತಿದ್ದವು. ಗಂಡ ಬೋರೇಗೌಡ ಇದಕ್ಕೆ ತದ್ವಿರುದ್ಧ. ಮೂವತ್ತು ವರ್ಷ ಬಸ್ಸು ಓಡಿಸಿದ ಆಸಾಮಿ; ಅವನಿದ್ದ ಬಸ್ಸಿಗೆ ಹಾರ್ನು ಬೇಡವಾಗಿತ್ತು. ಕಾಫಿಗೆ ಸಕ್ಕರೆ ಒಂದು ಚೂರು ಕಮ್ಮಿಯಾದರೆ ಮೂರು ಮನೆಗೆ ಕೇಳುವ ಹಾಗೆ ಗುಡುಗುವವನು. ಕೆಳಗಿನ ಮಳಿಗೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಇವರ ಜೊತೆಗೇ ಇದ್ದ ಮಗಳು ಶಶಿಕಲಾ, "ಅಪ್ಪನ ಕಡಗ ಮೊದಲ ದಿನವೇ ಸುಟ್ಟು ಹೋಗ್ತದೆ ನೋಡ್ತಿರು" ಅಂತ ನಗಾಡಿದ್ದಳು.

ಸೋಮವಾರ ಬೆಳಗ್ಗೆ ನೋಡಿದರೆ ಗೌಡನ ಕಡಗ ಎಳೇ ಗರಿಕೆಯ ಹಸಿರು. ಕೆಂಪಮ್ಮನ ಬಳೆ ನಿಗಿನಿಗಿ ಕೆಂಪು.

"ಇದೇನ್ ಅನ್ಯಾಯ!" ಗೌಡ ಕೂಗಿದ. ಅವನಿಗೆ ಅವಮಾನವಾಗಿತ್ತು ಪಾಪ. "ಈ ಮನೇಲಿ ಸಿಟ್ಟು ಮಾಡ್ಕಳೋನು ನಾನು. ಕೆಂಪು ನಿಂಗ್ ಬರೋದಾ? ಅದ್ಲುಬದ್ಲು ಕೊಟ್ಟವ್ರೆ ಕಣಮ್ಮಿ. ಬಿಚ್ಚು ಇತ್ಲಾಗೆ!"

ಇಬ್ಬರೂ ಬಳೆ ಬದಲಾಯಿಸಿಕೊಂಡರು. ಅವನದು ಅವಳ ಕೈಗೆ ದೊಗಳೆ, ಅವಳದು ಅವನ ಕೈಗೆ ಬಿಗಿ. ವಾರವಿಡೀ ಗೌಡ ಹುಮ್ಮಸ್ಸಿನಲ್ಲಿ ಕೂಗಾಡಿದ. ಕೆಂಪು ಬರಲಿ ಅಂತ ಬೀದಿಯ ನಾಯಿ ಜೊತೆಗೂ ಜಗಳಕ್ಕೆ ನಿಂತ. ಮುಂದಿನ ಸೋಮವಾರ ನೋಡಿದರೆ ಅವನ ಕೈಗೆ ಬಂದ ಬಳೆ ಹಸಿರಾಗಿತ್ತು, ಅವಳ ಕೈಗೆ ಹೋದದ್ದು ಕೆಂಪಾಗಿತ್ತು. ಮೊಬೈಲಿಗೆ ಅವಳ ಬಿಪಿಯ ಸಂಖ್ಯೆಯೂ ಬಂತು. ಮೇಲಿಂದು ನೂರ ಎಪ್ಪತ್ತೆರಡು, ಕೆಳಗಿಂದು ಅರವತ್ತೆಂಟು.

ಗೌಡ ಬೆರಳು ಮಡಿಸಿ ಲೆಕ್ಕ ಹಾಕಿದ. "ಎರಡೂ ಕೂಡ್ಸು, ಅರ್ಧ ಮಾಡು. ನೂರ ಇಪ್ಪತ್ತು. ನಾರ್ಮಲ್ಲು! ಮ್ಯಾಲಿಂದು ಜಾಸ್ತಿ, ಕೆಳಗಿಂದು ಕಮ್ಮಿ, ಅದುಕ್ಕೂ ಇದುಕ್ಕೂ ಸರೋಯ್ತು. ಅದೂ ಅಲ್ದೆ ನಮ್ ಡಿಪೋ ಕಾಂಪೌಂಡ್ರು ಯೋಳ್ತಿದ್ದ, ವಯಸ್ಸಿಗೆ ನೂರು ಸೇರ್ಸುದ್ರೆ ಅಷ್ಟು ಬಿಪಿ ಇರ್ಬೌದು ಅಂತ. ಎಪ್ಪತ್ತೆರಡುಕ್ಕೆ ನೂರು ಸೇರ್ಸು!"

"ಅಂಗಾದ್ರೆ ಕೆಂಪು ಯಾಕೆ ಬಂತು ಅಪ್ಪ?" ಅಂದಳು ಶಶಿಕಲಾ.

ಗೌಡ ಹೆಂಡತಿಯ ಮುಖ ನೋಡಿದ, ಬಳೆ ನೋಡಿದ, ಮತ್ತೆ ಮುಖ ನೋಡಿದ. ಬಳೆ ಕೆಟ್ಟಿಲ್ಲ. ಬದಲಾಯಿಸಿದರೂ ಕೆಂಪು ಅವಳನ್ನೇ ಹುಡುಕಿಕೊಂಡು ಹೋಗಿದೆ. ಅಂದಮೇಲೆ ಈ ಹೆಂಗಸು ಮದುವೆಯಾದಾಗಿನಿಂದ ಸಿಟ್ಟನ್ನೆಲ್ಲ ಒಳಗೇ ನುಂಗಿಕೊಂಡು ಕೂತಿದ್ದಾಳೆ!

ಅವತ್ತು ಸಂಜೆ ಕೆಂಪಮ್ಮನಿಗೆ ಗಂಡನ ಕೈಯಿಂದ ಮೊದಲ ಸಲ ಕಾಫಿ ಸಿಕ್ಕಿತು. ಪಾಯಸದ ಹಾಗಿತ್ತು, ಅದು ಬೇರೆ ಮಾತು. ಮಾರನೇ ದಿನ ಅವನು ಬಟ್ಟೆ ಒಣಹಾಕಿದ. ಅದರ ಮಾರನೇ ದಿನ ಎದುರಿಗೆ ಕೂತು, ನೆಲ ಕೆರೆಯುತ್ತಾ, "ನಿಮ್ಮವ್ವ ತೀರ್ಕಂಡಾಗ ನಾನು ಡ್ಯೂಟಿ ಅಂತ ವಂಟೋದೆ. ಅದುಕ್ಕಾ?" ಅಂತ ಕೇಳಿದ.

"ಯಾವುದುಕ್ಕೆ?"

"ಕ್ವಾಪ."

ಕೆಂಪಮ್ಮನಿಗೆ ನಗು ಬಂತು. ನಿಜ ಹೇಳಬೇಕೆಂದರೆ ಅವಳಿಗೆ ಸಿಟ್ಟು ಅನ್ನೋದು ಇರಲೇ ಇಲ್ಲ. ಗಂಡನ ಗುಡುಗು ಅವಳಿಗೆ ಬೀದಿಯ ಬಸ್ಸಿನ ಸದ್ದಿದ್ದ ಹಾಗೆ, ಕೇಳಿ ಕೇಳಿ ಕಿವಿಗೇ ಬೀಳುತ್ತಿರಲಿಲ್ಲ. ಆದರೂ ಎದುರಿಗೆ ಕೂತು ಒಬ್ಬ ಮನುಷ್ಯ ತನ್ನನ್ನೇ ನೋಡುತ್ತಾ, ಬಾಯಿ ಮುಚ್ಚಿಕೊಂಡು ಉತ್ತರಕ್ಕೆ ಕಾಯೋದು ಎಷ್ಟು ಸುಖ! ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಏನ್ ಬೇಕು ಕೇಳು, ಕೊಡುಸ್ತೀನಿ" ಅಂದ ಗೌಡ.

"ಈಜು ಕಲೀಬೇಕು" ಅಂದಳು ಕೆಂಪಮ್ಮ.

ಚಿಕ್ಕವಳಿದ್ದಾಗ ಅವಳ ಅಣ್ಣಂದಿರು ನಾಲೆಗೆ ದುಮುಕಿ ದುಮುಕಿ ಆಡುತ್ತಿದ್ದರು. ಅವಳಿಗೆ ಸಿಗುತ್ತಿದ್ದ ಕೆಲಸ ದಂಡೆ ಮೇಲೆ ಕೂತು ಅವರ ಬಟ್ಟೆ ಕಾಯೋದು. ನೀರು ಅವಳ ಮೊಣಕಾಲಿನಿಂದ ಮೇಲೆ ಬಂದದ್ದೇ ಇಲ್ಲ. ಹೋದ ವರ್ಷ ನಾಲೆಯ ಪಕ್ಕ ಊರಿನವರಿಗೆಂದು ಈಜುಕೊಳ ಕಟ್ಟಿ, ಅರವತ್ತು ದಾಟಿದವರಿಗೆ ಬೇರೆ ತಂಡ ಮಾಡಿದಾಗ ಅವಳು ಮೆತ್ತಗೆ ಕೇಳಿದ್ದಳು. "ಮುದ್ಕೀರು ನೀರ್ಗೆ ಬೀಳೋದ? ಜನ ಉಗೀತಾರೆ" ಅಂದಿದ್ದ ಗೌಡ. ಈಗ ಬಳೆ ನೋಡಿ "ಓಗು" ಅಂದ. ಮುಖ ಮಾತ್ರ ಬಿಳುಚಿತ್ತು.

ಶಶಿಕಲಾ ಒಂದೇ ದಿನದಲ್ಲಿ ನೇರಳೆ ಬಣ್ಣದ ಈಜುಡುಗೆ ಹೊಲಿದುಕೊಟ್ಟಳು, ಮೊಣಕಾಲು ಮುಚ್ಚುವಷ್ಟು ಉದ್ದ, ಮೊಣಕೈ ಮುಚ್ಚುವಷ್ಟು ತೋಳು. ಕೆಂಪಮ್ಮ ಅದನ್ನು ಚೀಲದಲ್ಲಿಟ್ಟುಕೊಂಡು ಮದುವೆಗೆ ಹೊರಟವಳ ಹಾಗೆ ಕೊಳಕ್ಕೆ ಹೋದಳು. ಬಾಗಿಲಲ್ಲೇ ಈಜು ಕಲಿಸುವ ಫಿಲೋಮಿನಾ ತಡೆದಳು.

"ಅಜ್ಜಿ, ಕೆಂಪು ಬಳೆಯವರು ನೀರಿಗೆ ಇಳಿಯೋ ಹಾಗಿಲ್ಲ. ಹಸಿರು ಮಾಡ್ಕೊಂಡು ಬನ್ನಿ, ನಾನೇ ಎತ್ಕೊಂಡು ಇಳಿಸ್ತೀನಿ."

ಎಂಥ ಇಕ್ಕಟ್ಟು ನೋಡಿ! ಬಳೆ ಕೆಂಪಿದ್ದರೆ ಗಂಡ ಬಿಡುತ್ತಾನೆ, ಕೊಳ ಬಿಡೋದಿಲ್ಲ. ಹಸಿರಾದರೆ ಕೊಳ ಬಿಡುತ್ತದೆ, ಗಂಡ ಬಿಡೋದಿಲ್ಲ. ಕೆಂಪಮ್ಮ ಬಾಗಿಲ ಸರಳು ಹಿಡಿದುಕೊಂಡು ಒಳಗಿನ ನೀಲಿ ನೀರನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದಳು.

ಅಷ್ಟರಲ್ಲಿ ಮೈಸೂರಿನ ನಾಡಿಮನೆಯಿಂದ ಕರೆ ಬಂತು. ಸುತ್ತಲಿನ ಊರುಗಳ ಬಳೆಗಳೆಲ್ಲ ತಮ್ಮ ಅಲೆಗಳನ್ನು ಕಳಿಸುತ್ತಿದ್ದುದು ಅಲ್ಲಿಗೇ. ಗಂಡಹೆಂಡತಿ ಇಬ್ಬರೂ ಬನ್ನಿ ಅಂದಿದ್ದರು. ದೊಡ್ಡ ಕೋಣೆ, ಗೋಡೆ ತುಂಬಾ ಪರದೆ, ಪರದೆ ತುಂಬಾ ಹರಿಯುವ ಗೆರೆಗಳು. ಗೌಡನನ್ನು ಒಬ್ಬ ನರ್ಸು ಬೇರೆ ಕೋಣೆಗೆ ಪರೀಕ್ಷೆಗೆ ಕರೆದುಕೊಂಡು ಹೋದಳು. ಕೆಂಪಮ್ಮನನ್ನು ಡಾಕ್ಟರ್ ಶಾಹಿದಾ ಕೈಹಿಡಿದು ಕೂರಿಸಿಕೊಂಡರು. ಕೂರಿಸಿಕೊಂಡವರೇ ಗೊಳ್ಳೆಂದು ನಕ್ಕರು.

"ಏನಮ್ಮ ಮಾಡಿದ್ರಿ ನೀವು! ನಮಗೆ ವಾರವೆಲ್ಲ ನಿದ್ದೆ ಇಲ್ಲ. ನಿಮ್ಮ ಯಜಮಾನ್ರ ರಕ್ತನಾಳಕ್ಕೆ ಒಂದೇ ದಿನದಲ್ಲಿ ಇಪ್ಪತ್ತು ವರ್ಷ ವಯಸ್ಸಾಯ್ತು. ಅದೇ ದಿನ ನಿಮಗೆ ಇಪ್ಪತ್ತು ವರ್ಷ ಇಳೀತು! ಮಿಷನ್ನು ಕೆಟ್ಟಿದೆ ಅಂತ ಬಿಚ್ಚಿದ್ವಿ, ಮತ್ತೆ ಕಟ್ಟಿದ್ವಿ. ಆಮೇಲೆ ಇಲ್ಲಿನ ಒಬ್ಬಳು ಹುಡುಗಿ ಹೇಳಿದ್ಲು, ಮೇಡಂ, ಅವರು ಬಳೆ ಬದಲಾಯಿಸ್ಕೊಂಡಿದ್ದಾರೆ ಅಷ್ಟೆ ಅಂತ."

"ಕ್ವಾಪ ಅವ್ರುದು, ಕೆಂಪು ನಂದು, ಅದುಕ್ಕೇ ಬದ್ಲಾಯ್ಸುದ್ವಿ" ಅಂದಳು ಕೆಂಪಮ್ಮ.

"ಕೋಪಕ್ಕೂ ಇದಕ್ಕೂ ಏನಮ್ಮ ಸಂಬಂಧ?" ಶಾಹಿದಾ ಪರದೆಯ ಮೇಲೆ ಒಂದು ದಪ್ಪ ಕೊಳವೆಯ ಚಿತ್ರ ತಂದರು. ಅದು ಕೆಂಪಮ್ಮನ ಎದೆಯೊಳಗಿನದೇ. "ಸಿಟ್ಟು ಬಂದಾಗ ಬಿಪಿ ಏರುತ್ತೆ, ಸಿಟ್ಟು ಇಳಿದ್ರೆ ಇಳಿಯುತ್ತೆ. ನಿಮ್ಮದು ಅದಲ್ಲ. ಹೃದಯದಿಂದ ಹೊರಡೋ ಈ ದೊಡ್ಡ ನಾಳ ಚಿಕ್ಕ ವಯಸ್ಸಲ್ಲಿ ಹೊಸ ರಬ್ಬರ್ ಟ್ಯೂಬಿನ ಹಾಗಿತ್ತು. ಹೃದಯ ರಕ್ತ ತಳ್ಳಿದಾಗ ಉಬ್ಬಿ ಜಾಗ ಕೊಡ್ತಿತ್ತು, ಹೃದಯ ಬಿಡುವು ತಗೊಂಡಾಗ ಕುಗ್ಗಿ ರಕ್ತಾನ ಮುಂದೆ ತಳ್ಳ್ತಿತ್ತು. ಈಗ ಅದು ಬಿಗಿದಿದೆ, ಉಬ್ಬಲ್ಲ. ಹಾಗಾಗಿ ತಳ್ಳಿದಾಗ ಒತ್ತಡ ಜೋರಾಗುತ್ತೆ, ಅದು ನಿಮ್ಮ ಮೇಲಿನ ಸಂಖ್ಯೆ. ಬಿಡುವಲ್ಲಿ ಹಿಂದಿನಿಂದ ತಳ್ಳೋರಿಲ್ಲ, ಅದಕ್ಕೆ ಕೆಳಗಿನದು ಕಮ್ಮಿ. ವಯಸ್ಸಾದವರಲ್ಲಿ ಇದು ಬಹಳ ಸಾಮಾನ್ಯ. ಎಷ್ಟು ತಣ್ಣಗಿನ ಮನುಷ್ಯರಿಗಾದ್ರೂ ಬರುತ್ತೆ."

"ಸರಾಸರಿ ನೂರ ಇಪ್ಪತ್ತಲ್ವಾ? ವಯಸ್ಸಿಗೆ ನೂರು ಸೇರ್ಸುದ್ರೂ ಸರೋಗ್ತದಲ್ಲ?"

"ಅಯ್ಯೋ ದೇವರೇ! ಒಂದು ಕಾಲು ಕೆಂಡದಲ್ಲಿ, ಇನ್ನೊಂದು ಕಾಲು ಐಸಲ್ಲಿ ಇಟ್ಟು ಸರಾಸರಿ ಹಿತವಾಗಿದೆ ಅಂತೀರಾ? ವಯಸ್ಸಿಗೆ ನೂರು ಅನ್ನೋದೂ ಹಳೇ ತಪ್ಪು. ವಯಸ್ಸಾಯ್ತು ಅಂತ ಸುಮ್ನಿರೋ ಹಾಗಿಲ್ಲ." ಶಾಹಿದಾ ನಗು ನಿಲ್ಲಿಸಿದರು. "ಮೇಲಿನ ಸಂಖ್ಯೆ ಒಂದೇ ಏರಿದ್ರೂ ಮೆದುಳಿಗೆ, ಹೃದಯಕ್ಕೆ ಪೆಟ್ಟು. ಹೀಗೇ ಬಿಟ್ರೆ ಲಕ್ವ ಹೊಡೀಬಹುದು. ನಿಮಗೆ ಏನೋ ಆಸೆ ಇದೆ ಅಂತ ನಿಮ್ಮ ಮಗಳು ಫೋನಲ್ಲಿ ಹೇಳಿದ್ಲು. ಒಂದು ಕೈ ಒಂದು ಕಾಲು ಬಿದ್ದುಹೋದ ಮೇಲೆ ಈಜೋದು ಎಲ್ಲಿಂದ ಬಂತು?"

ಕೆಂಪಮ್ಮ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಅವಳಿಗೆ ಭಯವಾಯಿತು.

ಉಪಾಯ ದೊಡ್ಡದೇನಲ್ಲ ಅಂದರು ಡಾಕ್ಟರು. ದಿನಕ್ಕೊಂದು ಸಣ್ಣ ಮಾತ್ರೆ, ಕಮ್ಮಿಯಿಂದ ಶುರು. ಕೆಳಗಿನ ಸಂಖ್ಯೆ ಮೊದಲೇ ಕಮ್ಮಿ ಇರೋದರಿಂದ ಅವಸರ ಕೂಡದು. ಹಾಸಿಗೆಯಿಂದ ಏಳುವಾಗ ಒಂದು ಗಳಿಗೆ ಕೂತು ಏಳಬೇಕು, ತಲೆ ಸುತ್ತಿದರೆ ಹೇಳಬೇಕು. ದಿನಾ ನಡಿಗೆ. ಮತ್ತೆ ಉಪ್ಪು ಅರ್ಧಕ್ಕರ್ಧ ಕಡಿತ.

"ಉಪ್ಸಾರಿಗೂವೆ?" ಕೆಂಪಮ್ಮ ಗಾಬರಿಯಾದಳು.

"ಅದಕ್ಕೇ ಮೊದಲು!"

ಬಸ್ಸಲ್ಲಿ ವಾಪಸು ಬರುವಾಗ ಗೌಡ ಕಿಟಕಿ ಕಡೆ ನೋಡುತ್ತಾ, "ಡಾಕ್ಟ್ರಮ್ಮ ಏನಂದ್ರು?" ಅಂತ ಕೇಳಿದ. ಕೆಂಪಮ್ಮನಿಗೆ ಪೂರ್ತಿ ಹೇಳುವ ಮನಸ್ಸಾಗಲಿಲ್ಲ. ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ.

"ಒಳಗೆಲ್ಲ ಗಟ್ಟಿಯಾಗ್ಬುಟ್ಟದಂತೆ" ಅಂದಳು.

"ನನ್ನಿಂದ್ಲೇ" ಅಂದ ಗೌಡ.

ಮಾತ್ರೆಯ ಡಬ್ಬಿ ಎರಡು ದಿನ ಕಪಾಟಿನಲ್ಲೇ ಕೂತಿತ್ತು. ನುಂಗಿದರೆ ಬಳೆ ಹಸಿರಾಗುತ್ತದೆ. ಹಸಿರಾದರೆ ಈ ಕಾಫಿ, ಈ ಮೆತ್ತಗಿನ ಮಾತು, ಆ 'ಓಗು' ಎಲ್ಲ ಹೊರಟುಹೋಗುತ್ತದೆ. ನುಂಗದಿದ್ದರೆ ಲಕ್ವ. ಮೂರನೇ ದಿನ ಕೆಂಪಮ್ಮ ಡಬ್ಬಿ ತೆಗೆದಳು. ಕೈಕಾಲು ನೆಟ್ಟಗಿದ್ದರೆ ಗಂಡನನ್ನು ಹೇಗೋ ದಾರಿಗೆ ತರಬಹುದು, ಗಂಡ ದಾರಿಗೆ ಬಂದರೂ ಬಿದ್ದುಹೋದ ಕೈಯನ್ನು ಎತ್ತೋಕೆ ಯಾರಿಂದಲೂ ಆಗಲ್ಲ ಅಂತ ಲೆಕ್ಕ ಹಾಕಿ, ಒಂದು ಲೋಟ ನೀರಿನ ಜೊತೆ ನುಂಗಿದಳು.

ಉಪ್ಸಾರಿಗೆ ಉಪ್ಪು ಕಮ್ಮಿಯಾಯಿತು. "ಉಪ್ಪು ವೋಯ್ತು, ಇನ್ನು ಬರೀ ಸಾರು ಅನ್ನಿ ಇದುನ್ನ" ಅಂತ ಗೊಣಗಿದರೂ ಗೌಡ ಮುದ್ದೆ ಮುರಿದು ತಿಂದ. ಬೆಳಗ್ಗೆ ನಾಲೆ ಏರಿ ಮೇಲೆ ಕೆಂಪಮ್ಮ ನಡೆದಳು. ಮಾತ್ರೆಯನ್ನು ಡಾಕ್ಟರು ಒಂದು ಸಲ ಹೆಚ್ಚಿಸಿದರು. ಕೆಲವು ಸೋಮವಾರ ಕಳೆದ ಮೇಲೆ ಬಳೆ ಕಿತ್ತಳೆಯಾಯಿತು. ಅದಾದ ಮೇಲೆ ಹಳದಿ.

ಗೌಡನೂ ಜೊತೆಜೊತೆಗೇ ಬಣ್ಣ ಬದಲಿಸಿದ. ಕಿತ್ತಳೆಯ ವಾರಗಳಲ್ಲಿ ಕಾಫಿ ಮಾಡಿದ, ಪಾತ್ರೆ ತೊಳೆಯಲಿಲ್ಲ. ಹಳದಿಯ ವಾರಗಳಲ್ಲಿ "ಕಾಫಿ ಮಾಡ್ತೀಯ, ನಾನೇ ಮಾಡ್ಲಾ?" ಅಂತ ಕೂತಲ್ಲಿಂದಲೇ ಕೇಳಿದ. ಬಳೆ ಹಸಿರಾದ ಸೋಮವಾರ ಬೆಳಗ್ಗೆ ಎದ್ದವನೇ, "ಎಲ್ಲಮ್ಮಿ ನನ್ ಟವಲ್ಲು!" ಅಂತ ಗುಡುಗಿದ. ಮೂರು ಮನೆಗೂ ಕೇಳಿಸಿತು.

ಮೇಲಿಂದು ನೂರ ಇಪ್ಪತ್ತೆಂಟಕ್ಕೆ ಇಳಿದಿತ್ತು. ಕೆಂಪಮ್ಮ ಈಜುಡುಗೆಯ ಚೀಲ ಹೆಗಲಿಗೇರಿಸಿಕೊಂಡು ಹೊಸ್ತಿಲು ದಾಟಿದಳು.

"ಎಲ್ಲಿಗೆ?"

"ಕೊಳಕ್ಕೆ."

"ಎಲ್ಲಾ ತಣ್ಣಗಾಯ್ತಲ್ಲ, ಇನ್ಯಾಕೆ ಈಜು? ವಳಿಕ್ ಬಾ, ಮುದ್ದೆಗೆ ಎಸರಿಡು."

ಕೆಂಪಮ್ಮ ನಿಂತಳು. ಅವಳ ಕಿವಿ ಬಿಸಿಯಾಯಿತು. ಏನಾಯಿತೆಂದು ಗೊತ್ತಾಗುವ ಮೊದಲೇ ಬಾಯಿಂದ ಮಾತು ಹೊರಬಿತ್ತು.

"ಎಸರು ನೀನಿಡು!"

ಕೆಳಗೆ ಶಶಿಕಲಾಳ ಹೊಲಿಗೆ ಮಿಷನ್ನು ನಿಂತಿತು. ಕೆಂಪಮ್ಮ ಗಂಡನನ್ನು ನೀನು ಅಂದಿದ್ದಳು, ಅದೂ ಕಿರಿಚಿ!

"ಬಳೆ ಕೆಂಪಿದ್ರೆ ಮಾತ್ರ ನಾನು ಮನುಷ್ಯಳಾ? ಬಳೆ ಕೇಳ್ಕಂಡು ನನ್ ಜೊತೆ ಬಾಳ್ತೀಯಾ ನೀನು? ಅವತ್ತು ನಂಗ್ ಕ್ವಾಪ ಇರ್ನಿಲ್ಲ, ನರ ಗಟ್ಟಿಯಾಗಿತ್ತು ಅಷ್ಟೇಯ! ಕ್ವಾಪ ಈಗ ಬಂದದೆ ನೋಡು! ಚಿಕ್ಕೋಳಾಗಿದ್ದಾಗಿಂದ ದಂಡೆ ಮ್ಯಾಲೇ ಕೂತಿವ್ನಿ, ಬಟ್ಟೆ ಕಾಯ್ಕಂಡು! ಇನ್ನ ಕೂರಾಕಿಲ್ಲ! ತಿಳೀತಾ?"

ಗೌಡ ಗಾಬರಿಯಿಂದ ಅವಳ ಮುಂಗೈ ಹಿಡಿದು ನೋಡಿದ. ಹಸಿರು. ಬಳೆಯನ್ನು ಬೆರಳಿಂದ ತಟ್ಟಿದ. ಆಗಲೂ ಹಸಿರು. ನಾಡಿಮನೆಗೆ ಫೋನು ಹಚ್ಚಿದ. "ಡಾಕ್ಟ್ರಮ್ಮ, ಬಳೆ ಕೆಟ್ಟೋಗದೆ! ಇವಳು ಬೆಂಕಿ ಬೆಂಕಿ ಆಗವ್ಳೆ, ಇದು ಹಸಿರೇ ತೋರುಸ್ತಾ ಅದೆ!"

ಶಾಹಿದಾ ಪರದೆ ನೋಡಿರಬೇಕು. "ಬಳೆ ಸರಿಯಾಗಿದೆ ಗೌಡ್ರೇ. ಈ ಗಳಿಗೆಗೆ ಒಂದಿಷ್ಟು ಏರಿದೆ, ಇಳಿದುಹೋಗುತ್ತೆ. ಬಳೆ ಇರೋದು ನಾಳ ನೋಡೋಕೆ. ಹೆಂಡತಿ ಸಿಟ್ಟನ್ನ ನೀವೇ ನೋಡ್ಬೇಕಾಗುತ್ತೆ, ಅದಕ್ಕೆ ನಾವಿನ್ನೂ ಮಿಷನ್ ಮಾಡಿಲ್ಲ."

ಗೌಡ ಫೋನು ಕೆಳಗಿಟ್ಟ. ಹೊಸ್ತಿಲ ಮೇಲೆ ಕುಸಿದು ಕೂತ. ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಕೆಂಪಮ್ಮ ಬಗ್ಗಿ ಕೇಳಬೇಕಾಯಿತು.

"ಜನ ಉಗೀತಾರೆ ಅಂದಿದ್ದು ಸುಳ್ಳು ಕಣಮ್ಮಿ. ನಮ್ ತಮ್ಮ ನಾಲೇಲಿ ಓದ್ನಲ್ಲ. ನೀರು ಕಂಡ್ರೆ ನಂಗೆ ಕೈಕಾಲು ನಡುಗ್ತವೆ. ನೀನೂ ಓಗ್ಬುಟ್ರೆ ನಾನೇನ್ ಮಾಡ್ಲಿ?"

ಕೆಂಪಮ್ಮನ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಮೈದುನ ನಾಲೆಯಲ್ಲಿ ಮುಳುಗಿಹೋದದ್ದು ಅವಳಿಗೆ ಗೊತ್ತಿತ್ತು. ಅದನ್ನು ಈ ಗುಡುಗಿನ ಮನುಷ್ಯ ಇಷ್ಟು ವರ್ಷ ಎದೆಯಲ್ಲಿ ಹೊತ್ತಿದ್ದಾನೆ ಅಂತ ಗೊತ್ತಿರಲಿಲ್ಲ.

"ಅದುನ್ನ ಮೊದ್ಲೇ ಯೋಳ್ಬಾರ್ದಾ?" ಅಂದಳು. "ಏಳು ಮ್ಯಾಕೆ. ನೀನೂ ಬಾ."

ಕೊಳದಲ್ಲಿ ಅವತ್ತು ಹಸಿರು ಕೈಗಳ ಜಾತ್ರೆಯೇ ಇತ್ತು. ಫಿಲೋಮಿನಾ ಮಾತಿಗೆ ತಪ್ಪದೆ ಕೆಂಪಮ್ಮನ ಕೈಹಿಡಿದು ಇಳಿಸಿದಳು. ನೀರು ಮೊಣಕಾಲು ಮುಟ್ಟಿತು, ಸೊಂಟ ಮುಟ್ಟಿತು, ಎದೆ ಮುಟ್ಟಿತು. ಕೆಂಪಮ್ಮ "ಅವ್ವಾ!" ಅಂತ ಕೂಗಿ ನಕ್ಕಳು. ಫಿಲೋಮಿನಾ ಬೆನ್ನಿಗೆ ಅಂಗೈ ಕೊಟ್ಟು ನಿಧಾನವಾಗಿ ಮಲಗಿಸಿದಳು. ಕಿವಿಯೊಳಗೆ ನೀರು ತುಂಬಿ ಊರಿನ ಸದ್ದೆಲ್ಲ ಅಡಗಿತು. ತಲೆ ಮೇಲೆ ಬರೀ ಆಕಾಶ. ಇಷ್ಟು ಹಗುರವಾಗಿರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು.

ದಂಡೆಯ ಮೇಲೆ ಗೌಡ ಅವಳ ಸೀರೆ, ಚಪ್ಪಲಿ, ಟವಲು ಎಲ್ಲ ಅಪ್ಪಿಕೊಂಡು ನಿಂತಿದ್ದ. "ಉಷಾರು! ಕಾಲು! ತಲೆ! ಉಷಾರು!" ಅಂತ ಬಸ್ಸಿಗೆ ರಿವರ್ಸ್ ಹೇಳುವವನ ಹಾಗೆ ಕೂಗುತ್ತಿದ್ದ.

ಕೆಂಪಮ್ಮ ಎದ್ದು ನಿಂತು, ಮುಖದ ನೀರು ಒರೆಸಿಕೊಂಡು, ಹುಟ್ಟಿದ ಮೇಲೆ ಇಲ್ಲದಷ್ಟು ಗಟ್ಟಿಯಾಗಿ ಕರೆದಳು.

"ಬೋರೇಗೌಡಾ! ಇಳಿ ನೀರ್ಗೆ!"

ಗೌಡ ಹಿಂದೆ ತಿರುಗಿ ನೋಡಿದ. ಮಂಡ್ಯದಲ್ಲಿ ಬೋರೇಗೌಡರಿಗೇನು ಬರ? ಇವಳು ಯಾವ ಬೋರೇಗೌಡನನ್ನು ಕರೆಯುತ್ತಿದ್ದಾಳೋ ಅಂತ ಆಚೀಚೆ ಹುಡುಕಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಆಗ ಅವನಿಗೆ ಅರ್ಥವಾಯಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದಿದ್ದವಳು ಊರೆದುರಿಗೆ ಹೆಸರು ಹಿಡಿದು ಕೂಗಿದ್ದಾಳೆ. ಕೊಳದಲ್ಲಿದ್ದವರೆಲ್ಲ ಹೋ ಅಂತ ನಕ್ಕರು, ಗೌಡನಿಗೂ ತಡೆಯಲಾಗದೆ ನಗು ಬಂತು.

ಅವನು ಸೀರೆ ಚಪ್ಪಲಿ ಕೆಳಗಿಟ್ಟ. ಪಂಚೆ ಎತ್ತಿಕಟ್ಟಿ ಒಂದು ಮೆಟ್ಟಿಲಿಳಿದ. ಇನ್ನೊಂದು ಇಳಿದ. ನೀರು ಮೊಣಕಾಲಿಗೆ ಬಂದಾಗ ಕಣ್ಣು ಬಿಗಿದು ಮುಚ್ಚಿ, ಉಸಿರು ಬಿಗಿಹಿಡಿದು, ಕೈ ಮುಂದೆ ಚಾಚಿದ. ಆ ಕೈಯನ್ನು ಕೆಂಪಮ್ಮ ಎರಡೂ ಕೈಯಿಂದ ಹಿಡಿದುಕೊಂಡಳು.

"ಬುಡ್ಬ್ಯಾಡ ಕಣಮ್ಮಿ."

"ಬುಡಾಕಿಲ್ಲ. ನೀನು ಉಸ್ರು ಬುಡು."

ಗೌಡ ಉಸಿರು ಬಿಟ್ಟ.